ತೋಟದ ಕೆರೆಯ ಸಿಗಡಿಗೆ ಯಾವ ಬಲೆ? ಕಣ್ಣಿನ ಅಳತೆ, ಆಕಾರ ನೋಡಿ ಆರಿಸುವ ಬಗೆ

ಕೊಡಗಿನಲ್ಲಿ ಫೆಬ್ರವರಿ ಬಂತೆಂದರೆ ತೋಟದ ಕೆರೆಗಳ ನೀರು ಇಳಿಯಲು ಶುರು. ಹೂಮಳೆ ಬರದಿದ್ದರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಮೋಟಾರು ಹಗಲೂ ರಾತ್ರಿ ಓಡುತ್ತದೆ, ಕೆರೆಯಂಚಿನ ಕೆಸರು ಕಾಣಿಸಿಕೊಳ್ಳುತ್ತದೆ. ಕಾಟ್ಲಾ, ರೋಹು ಜೊತೆಗೆ ಸಿಹಿನೀರಿನ ದೊಡ್ಡ ಸಿಗಡಿಯನ್ನೂ ಬಿಟ್ಟವರಿಗೆ ಇದೇ ಬಲೆ ಹಾಕುವ ಕಾಲ. ಆಗ ಎಲ್ಲರೂ ಕೇಳುವುದು ಒಂದೇ: ಎಷ್ಟು ಎಂಎಂ ಬಲೆ ತರೋದು?

ಅಂಗಡಿಯವರು ಬಲೆಯ ಕಣ್ಣಿನ, ಅಂದರೆ ತೂತಿನ, ಅಳತೆ ಎಂದು ಒಂದು ನಂಬರ್ ಹೇಳುತ್ತಾರೆ. ಆದರೆ ಸಿಗಡಿಯ ಗಾತ್ರವನ್ನು ಆ ನಂಬರ್ ಒಂದೇ ತೀರ್ಮಾನಿಸುವುದಿಲ್ಲ. ಅದೇ ಬಲೆಯನ್ನು ಹಗ್ಗಕ್ಕೆ ಬೇರೆ ರೀತಿ ಕಟ್ಟಿದರೆ, ಬೇರೆ ರೀತಿ ಎಳೆದರೆ, ಸಿಗುವ ಸಿಗಡಿಯ ಗಾತ್ರವೇ ಬದಲಾಗುತ್ತದೆ. ಹಾಗಾಗಿ ಬಲೆ ಕೊಳ್ಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಬಲೆ ಎಳೆದ ಮೇಲೆ ನನ್ನ ಕೆರೆಯಲ್ಲಿ ಏನು ಉಳಿಯಬೇಕು? ನನ್ನ ಮಟ್ಟಿಗೆ ಆಯ್ಕೆಯೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಚಿಕ್ಕದನ್ನು ಯಾಕೆ ಬಿಡಬೇಕು

ನಮ್ಮ ಕೆರೆಗಳಿಗೆ ಬಿಡುವುದು ಮ್ಯಾಕ್ರೋಬ್ರೇಕಿಯಂ ರೋಸೆನ್‌ಬರ್ಗಿ ಎಂಬ ಜಾತಿ. ವ್ಯಾಪಾರದವರ ಬಾಯಲ್ಲಿ ಅದು ಸ್ಕ್ಯಾಂಪಿ. ಗಂಡು 32 ಸೆಂ.ಮೀ. ತನಕ, ಹೆಣ್ಣು 25 ಸೆಂ.ಮೀ. ತನಕ ಬೆಳೆಯಬಲ್ಲದು. ಬೆಳೆಯುವುದು ಸಿಹಿನೀರಿನಲ್ಲೇ. ಆದರೆ ಮೊಟ್ಟೆಯೊಡೆದ ಮರಿಗೆ ಉಪ್ಪು ಬೆರೆತ ಅಳಿವೆಯ ನೀರು ಬೇಕು. ಅದಕ್ಕೇ ಸಿದ್ದಾಪುರದ ಕೆರೆಯಲ್ಲಾಗಲಿ, ಗೋಣಿಕೊಪ್ಪದ ಕೆರೆಯಲ್ಲಾಗಲಿ ಇದು ತಾನಾಗಿ ಸಂತಾನ ಬೆಳೆಸುವುದಿಲ್ಲ. ಹೆಣ್ಣಿನ ಹೊಟ್ಟೆಯಡಿ ಮೊಟ್ಟೆ ಕಂಡರೂ ಅದರಿಂದ ಕೆರೆಗೆ ಮರಿ ಸೇರುವುದಿಲ್ಲ. ನಿಮ್ಮ ಬಲೆಗೆ ಬೀಳುವ ಪ್ರತಿಯೊಂದು ಚಿಕ್ಕ ಸಿಗಡಿಯೂ ನೀವು ದುಡ್ಡು ಕೊಟ್ಟು ತಂದ ಮರಿ.

ಇನ್ನೊಂದು ಕಾರಣ ಇನ್ನೂ ಮುಖ್ಯ. ಒಂದೇ ದಿನ ಬಿಟ್ಟ ಮರಿಗಳು ಒಂದೇ ಸಮ ಬೆಳೆಯುವುದಿಲ್ಲ. ಗಂಡುಗಳಲ್ಲಿ ಮೂರು ಬಗೆ ಕಾಣುತ್ತದೆ. ಕೆಲವು ಉದ್ದನೆಯ ನೀಲಿ ಕೊಂಡಿಯ, ಅಂದರೆ ಇಕ್ಕಳದಂಥ ಕಾಲಿನ, ದೊಡ್ಡವು. ಕೆಲವು ಕಿತ್ತಳೆ ಬಣ್ಣದ ಕೊಂಡಿಯ ಮಧ್ಯಮದವು. ಉಳಿದವು ಬೆಳವಣಿಗೆ ಕುಂಠಿತವಾದ ಚಿಕ್ಕವು. ನೀಲಿ ಕೊಂಡಿಯದು ಹತ್ತಿರ ಇರುವಷ್ಟು ದಿನ ಚಿಕ್ಕ ಗಂಡುಗಳು ಹಿಂದೆಯೇ ಉಳಿಯುತ್ತವೆ. ಅದನ್ನು ಹಿಡಿದು ತೆಗೆದರೆ ಹಿಂದುಳಿದವು ಬೇಗ ಬೆಳೆದು ಆ ಜಾಗ ತುಂಬುತ್ತವೆ. ಸಿಗಡಿ ಸಾಕುವವರು ಐದಾರು ತಿಂಗಳಾದ ಮೇಲೆ ದೊಡ್ಡವನ್ನು ಮಾತ್ರ ಆಗಾಗ ಆರಿಸಿ ತೆಗೆಯುವುದು ಇದಕ್ಕಾಗಿಯೇ.

ಈಗ ಸಣ್ಣ ಕಣ್ಣಿನ ಬಲೆ ಹಾಕಿ ಎಲ್ಲವನ್ನೂ ಒಟ್ಟಿಗೆ ಬಾಚಿದರೆ ಏನಾಗುತ್ತದೆ? ಇನ್ನೂ ಬೆಳೆಯಬೇಕಾಗಿದ್ದವು ಕಡಿಮೆ ರೇಟಿಗೆ ಹೋಗುತ್ತವೆ. ಮಾರುಕಟ್ಟೆಯಲ್ಲಿ ಸಿಗಡಿಗೆ ಬೆಲೆ ಕಟ್ಟುವುದು ಕೌಂಟ್ ಮೇಲೆ, ಅಂದರೆ ಕಿಲೋಗೆ ಎಷ್ಟು ನಿಲ್ಲುತ್ತವೆ ಎಂಬ ಲೆಕ್ಕದ ಮೇಲೆ. ಕೌಂಟ್ ಕಡಿಮೆಯಾದಷ್ಟೂ ಬೆಲೆ ಜಾಸ್ತಿ.

ನಮ್ಮ ಹವೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಈ ಸಿಗಡಿಗೆ 26ರಿಂದ 31 ಡಿಗ್ರಿ ಬೆಚ್ಚಗಿನ ನೀರು ಬೇಕು. ನೀರು 20 ಡಿಗ್ರಿಗಿಂತ ತಣ್ಣಗಾದರೆ ಮೇವು ತಿನ್ನುವುದು ಕಡಿಮೆಯಾಗುತ್ತದೆ. 14ರ ಆಸುಪಾಸಿಗೆ ಬಂದರೆ ಸಾಯುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೊಡಗಿನ ಕೆರೆಗಳಲ್ಲಿ ಬೆಳವಣಿಗೆ ನಿಧಾನ. ಮಡಿಕೇರಿ ಸುತ್ತಿನ ಎತ್ತರದಲ್ಲಿ ಇದನ್ನು ಸಾಕುವುದು ಬೇಡ ಅಂತಲೇ ನಾನು ಹೇಳೋದು. ಕುಶಾಲನಗರ, ಸಿದ್ದಾಪುರ, ಗೋಣಿಕೊಪ್ಪ ಕಡೆ ವಾಸಿ. ಅಲ್ಲೂ ಫೆಬ್ರವರಿಯ ಹೊತ್ತಿಗೆ ಕೆರೆಯಲ್ಲಿ ದೊಡ್ಡದು ಚಿಕ್ಕದು ಬೆರೆತೇ ಇರುತ್ತದೆ. ಮಾರ್ಚ್, ಏಪ್ರಿಲ್‌ನ ಬಿಸಿಲಿನಲ್ಲಿ ಬೆಳೆಯುವ ಅವಕಾಶ ಚಿಕ್ಕವಕ್ಕೆ ಇನ್ನೂ ಬಾಕಿ ಇದೆ. ಕೆರೆಯಲ್ಲಿ ನೀರು ಉಳಿಯುವುದಾದರೆ ಅವನ್ನು ಬಿಟ್ಟುಬಿಡುವುದೇ ಲಾಭ.

ಅಂಗಡಿಯ ನಂಬರ್ ಯಾವ ಅಳತೆ?

ಬಲೆಯ ಕಣ್ಣನ್ನು ಅಳೆಯುವುದಕ್ಕೆ ಎರಡು ರೂಢಿ ಇದೆ. ಒಂದು, ಪಕ್ಕದ ಗಂಟಿನಿಂದ ಗಂಟಿಗೆ. ಇನ್ನೊಂದು, ಕಣ್ಣನ್ನು ಪೂರ್ತಿ ಎಳೆದು ಹಿಡಿದು ಎದುರುಬದುರಿನ ಗಂಟುಗಳ ನಡುವೆ. ಎರಡನೆಯದು ಮೊದಲನೆಯದಕ್ಕಿಂತ ಸುಮಾರು ಎರಡು ಪಟ್ಟು. ಒಬ್ಬರು 20 ಎಂಎಂ ಅಂದದ್ದು, ಇನ್ನೊಬ್ಬರು 40 ಎಂಎಂ ಅಂದದ್ದು ಒಂದೇ ಬಲೆ ಆಗಿರಬಹುದು. ಇದನ್ನು ಕೇಳದೆ ತಂದರೆ ಅರ್ಧಕ್ಕೆ ಅರ್ಧ ವ್ಯತ್ಯಾಸ ಆಗಿಬಿಡುತ್ತದೆ. ಈ ಬರಹದಲ್ಲಿ ನಾನು ಕೊಡುವ ಅಳತೆಯೆಲ್ಲ ಎಳೆದ ಕಣ್ಣಿನದು.

ಮಾತು ನಂಬುವುದಕ್ಕಿಂತ ಅಲ್ಲೇ ಅಳೆದು ನೋಡಿ. ಒಂದೇ ಸಾಲಿನ 10 ಕಣ್ಣು ಹಿಡಿದು ಬಿಗಿಯಾಗಿ ಎಳೆಯಿರಿ, ಉದ್ದವನ್ನು 10ರಿಂದ ಭಾಗಿಸಿ. ಒಂದು ಕಣ್ಣನ್ನು ಮಾತ್ರ ಅಳೆದರೆ ಗಂಟಿನ ದಪ್ಪದಿಂದ ಲೆಕ್ಕ ತಪ್ಪುತ್ತದೆ. ದಾರದ ದಪ್ಪವನ್ನೂ ಗಮನಿಸಿ. ದಪ್ಪ ದಾರ ಹೆಚ್ಚು ದಿನ ಬಾಳುತ್ತದೆ ನಿಜ. ಆದರೆ ತೂತನ್ನು ಸ್ವಲ್ಪ ತಿನ್ನುತ್ತದೆ, ಬಿರುಸಾಗಿರುತ್ತದೆ, ಸಿಗಡಿ ತಳ್ಳಿದರೂ ಬಾಗುವುದಿಲ್ಲ.

ವಜ್ರದಾಕಾರ, ಚೌಕ, ತಿರುಗಿಸಿ ಕಟ್ಟಿದ್ದು

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಭಾಗ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ಬೇಸರ ಮಾಡಿಕೊಳ್ಳಬೇಡಿ.

ಕಾಫಿ ಗ್ರೇಡ್ ಮಾಡುವ ಜರಡಿ ನೋಡಿದ್ದೀರಲ್ವಾ? ಚಪ್ಪಟೆ ಬೀಜಕ್ಕೆ ದುಂಡು ತೂತು, ಪೀಬೆರಿಗೆ, ಅಂದರೆ ಒಂಟಿಯಾಗಿ ಬೆಳೆದ ಗುಂಡು ಬೀಜಕ್ಕೆ, ಉದ್ದನೆಯ ಸೀಳು. ತೂತಿನ ಅಳತೆಯಷ್ಟೇ ಅದರ ಆಕಾರವೂ ಬೀಜವನ್ನು ಬೇರ್ಪಡಿಸುತ್ತದೆ. ಬಲೆಯಲ್ಲೂ ಹಾಗೇ. ಆದರೆ ಜರಡಿಯ ತಗಡು ಆಕಾರ ಬದಲಿಸುವುದಿಲ್ಲ, ಬಲೆಯ ಕಣ್ಣು ಎಳೆದಂತೆಲ್ಲ ಬದಲಿಸುತ್ತದೆ.

ಮಾಮೂಲಿ ಬಲೆಯ ಕಣ್ಣು ವಜ್ರದಾಕಾರದ್ದು. 40 ಎಂಎಂ ಕಣ್ಣನ್ನೇ ತೆಗೆದುಕೊಳ್ಳೋಣ. ಅದರ ಒಂದೊಂದು ಬದಿ 20 ಎಂಎಂ. ಕಣ್ಣು ಪೂರ್ತಿ ಅರಳಿ ಚೌಕವಾಗಿ ನಿಂತರೆ 20 ಎಂಎಂ ದಪ್ಪದ ದುಂಡು ವಸ್ತು ಅದರಲ್ಲಿ ತೂರಬಹುದು. ಇನ್ನು ಎಳೆದರೆ 20 ಮೀಟರ್ ಬರುವ ಬಲೆಯನ್ನು 10 ಮೀಟರ್ ಹಗ್ಗಕ್ಕೆ ಕಟ್ಟಿದ್ದೀರಿ ಅನ್ನಿ. ಆಗ ಕಣ್ಣಿನ ಅಗಲ 20 ಎಂಎಂ, ಎತ್ತರ ಸುಮಾರು 35. ಅದರಲ್ಲಿ ತೂರುವುದು 17 ಎಂಎಂ ಚಿಲ್ಲರೆ. ಅದೇ ಬಲೆಯನ್ನು ಬಲವಾಗಿ ಎಳೆದು ಅಗಲ 8 ಎಂಎಂಗೆ ಇಳಿದರೆ 8 ಎಂಎಂ ದಪ್ಪದ್ದೂ ದಾಟುವುದಿಲ್ಲ. ಕೊಂಡದ್ದು 40 ಎಂಎಂ ಬಲೆ. ಎಳೆಯುವಾಗ ಅದು ಕೆಲಸ ಮಾಡುವುದು ಸಣ್ಣ ಕಣ್ಣಿನ ಬಲೆಯ ಹಾಗೆ.

ಕೆರೆಯಲ್ಲಿ ಎಳೆದುಕೊಂಡು ಹೋಗುವ ಎಳೆಬಲೆಯ ಹಿಂಭಾಗದ ಚೀಲದಲ್ಲಿ ಆಗುವುದು ಇದೇ. ಸಿಗಡಿ, ಕೆಸರು, ಎಲೆ ಎಲ್ಲ ಅಲ್ಲಿ ಸೇರುತ್ತದೆ. ಭಾರ ಬಿದ್ದಷ್ಟೂ ಕಣ್ಣು ಮುಚ್ಚಿಕೊಳ್ಳುತ್ತದೆ. ಚಿಕ್ಕ ಸಿಗಡಿ ಹೊರಗೆ ಹೋಗಬೇಕಾದ ಹೊತ್ತಿನಲ್ಲೇ ಬಾಗಿಲು ಬಂದ್.

ಚೌಕ ಕಣ್ಣಿನ ಬಲೆಯಲ್ಲಿ ದಾರಗಳು ಎಳೆತದ ದಿಕ್ಕಿಗೆ ಉದ್ದಕ್ಕೂ ಅಡ್ಡಕ್ಕೂ ಇರುತ್ತವೆ. ಉದ್ದದ ದಾರ ಭಾರ ಹೊರುತ್ತದೆ, ಅಡ್ಡ ದಾರ ಕಣ್ಣನ್ನು ತೆರೆದಿಡುತ್ತದೆ. ಎಳೆದರೂ 20 ಎಂಎಂ ಬದಿಯ ಕಣ್ಣು ಹೆಚ್ಚುಕಡಿಮೆ 20 ಎಂಎಂ ಆಗಿಯೇ ಉಳಿಯುತ್ತದೆ. ಮಾಮೂಲಿ ಬಲೆಯನ್ನೇ ಓರೆಯಾಗಿ, ದಾರದ ಸಾಲು ಹಿಡಿದು ಕತ್ತರಿಸಿ ಹೊಲಿದರೆ ಚೌಕ ಕಣ್ಣು ಸಿಗುತ್ತದೆ. ಒಂದು ತೊಂದರೆ ಇದೆ: ಗಂಟಿನ ಬಲೆಯಲ್ಲಿ ಹೀಗೆ ಮಾಡಿದರೆ ಕೆಲವು ಗಂಟು ಜಾರಿ ಕಣ್ಣುಗಳು ಹೆಚ್ಚುಕಡಿಮೆಯಾಗುತ್ತವೆ. ಗಂಟಿಲ್ಲದೆ ಹೆಣೆದ ಬಲೆ ಸಿಕ್ಕರೆ ಅದೇ ಒಳ್ಳೆಯದು. ಸಿಗಡಿಯ ಮೈಗೂ ಅದು ಮೆತ್ತಗೆ.

ಮೂರನೆಯದು ಕಡಿಮೆ ಖರ್ಚಿನ ದಾರಿ. ಮಾಮೂಲಿ ಬಲೆಯನ್ನು ಕಾಲು ಸುತ್ತು ತಿರುಗಿಸಿ ಕಟ್ಟುವುದು. ಉದ್ದ ಅಡ್ಡವಾಗುತ್ತದೆ, ಅಡ್ಡ ಉದ್ದವಾಗುತ್ತದೆ. ಹಾಗೆ ಕಟ್ಟಿದಾಗ ಗಂಟಿನ ದಪ್ಪವೇ ಕಣ್ಣನ್ನು ಸ್ವಲ್ಪ ತೆರೆದು ಹಿಡಿಯುತ್ತದೆ. ಇದನ್ನು ಟಿ90 ಅನ್ನುತ್ತಾರೆ. ಬಾಲ್ಟಿಕ್ ಸಮುದ್ರದಲ್ಲಿ ಕಾಡ್ ಎಂಬ ಮೀನು ಹಿಡಿಯುವುದಕ್ಕೆ ಬಳಕೆಯಲ್ಲಿತ್ತು. ದಾರ ದಪ್ಪವಿದ್ದು ಗಂಟು ದೊಡ್ಡದಿದ್ದರೆ ಪರಿಣಾಮ ಚೆನ್ನಾಗಿರುತ್ತದೆ. ಕೆರೆಯ ತೆಳು ನೈಲಾನ್ ಬಲೆಗೆ ಅಷ್ಟು ಉಪಯೋಗ ಆಗಲಾರದು.

ನನ್ನ ಆಯ್ಕೆ: ಎಳೆಬಲೆಯ ರೆಕ್ಕೆಗಳು, ಅಂದರೆ ಚೀಲದ ಎರಡು ಕಡೆಗೆ ಚಾಚಿರುವ ಭಾಗ, ವಜ್ರದಾಕಾರದ್ದೇ ಇರಲಿ, ಹಿಂದಿನ ಚೀಲದ ಮೇಲ್ಭಾಗ ಮತ್ತು ಪಕ್ಕಕ್ಕೆ ಚೌಕ ಕಣ್ಣಿನ ತುಂಡು ಹೊಲಿಸಿ. ಪೂರ್ತಿ ಬಲೆ ಬದಲಿಸುವ ಖರ್ಚು ಬೇಡ. ವಿಂಗಡಣೆಯ ಹೆಚ್ಚಿನ ಭಾಗ ನಡೆಯುವುದು ಚೀಲದಲ್ಲೇ.

ಸಿಗಡಿ ಮೀನಲ್ಲ

ಮೀನಿನ ಬಲೆಯ ಲೆಕ್ಕವನ್ನು ಸಿಗಡಿಗೆ ಹಾಗೇ ತರಬಾರದು. ಮೀನು ಬಲೆ ಕಂಡು ಈಜಿ ತಪ್ಪಿಸಿಕೊಳ್ಳಲು ನೋಡುತ್ತದೆ, ಮೈ ನುಣುಪು. ಸಿಗಡಿ ಹೆದರಿದರೆ ಬಾಲ ಬಡಿದು ಹಿಂದಕ್ಕೆ ಚಿಮ್ಮುತ್ತದೆ. ಕಣ್ಣಿಗೆ ತಲೆ ಕೊಡುತ್ತದೋ, ಬಾಲ ಕೊಡುತ್ತದೋ, ಅಡ್ಡಕ್ಕೆ ಬೀಳುತ್ತದೋ ಹೇಳಲಾಗದು. ತಲೆಯ ಮುಂದೆ ಗರಗಸದ ಹಲ್ಲಿನಂಥ ಮುಳ್ಳು ಇದೆ. ಮೀಸೆ, ಕಾಲು, ಕೊಂಡಿ ಎಲ್ಲ ದಾರಕ್ಕೆ ತೊಡರುತ್ತವೆ. ನೀಲಿ ಕೊಂಡಿಯ ಗಂಡಿನಲ್ಲಂತೂ ಕೊಂಡಿ ಮೈಗಿಂತ ಉದ್ದ.

ಇದರಿಂದ ಎರಡು ಪರಿಣಾಮ. ದಾಟಿ ಹೋಗಬೇಕಾದ ಚಿಕ್ಕವು ಕೆಲವು ಸಿಕ್ಕಿಬೀಳುತ್ತವೆ. ದೊಡ್ಡ ಕಣ್ಣಿನ ಬಲೆಯಲ್ಲೂ ದೊಡ್ಡ ಗಂಡುಗಳು ಕೊಂಡಿಯಿಂದಲೇ ತೊಡರಿ ಉಳಿಯುತ್ತವೆ. ಅಂದರೆ ಈ ಗಾತ್ರದ ಮೇಲಿನದ್ದೆಲ್ಲ ಒಳಗೆ, ಕೆಳಗಿನದ್ದೆಲ್ಲ ಹೊರಗೆ ಎಂಬ ಖಚಿತ ಗೆರೆ ಸಿಗಡಿಯಲ್ಲಿ ಸಿಗುವುದಿಲ್ಲ. ನಡುವೆ ಅಗಲವಾದ ಪಟ್ಟಿಯೊಂದಿದೆ. ಆ ಪಟ್ಟಿಯ ಗಾತ್ರದವು ಕೆಲವು ಉಳಿಯುತ್ತವೆ, ಕೆಲವು ಹೋಗುತ್ತವೆ. ಯಾವ ಗಾತ್ರದಲ್ಲಿ ಅರ್ಧ ಉಳಿದು ಅರ್ಧ ತಪ್ಪಿಸಿಕೊಳ್ಳುತ್ತವೋ ಅದನ್ನೇ ಆ ಬಲೆಯ ಆಯ್ಕೆಯ ಗಾತ್ರ ಎಂದು ಲೆಕ್ಕ ಹಿಡಿಯುತ್ತಾರೆ. ಕಣ್ಣು ದೊಡ್ಡದಾದರೆ ಆ ಗಾತ್ರ ಮೇಲೇರುತ್ತದೆ. ಕಣ್ಣಿನ ಆಕಾರ ಸ್ಥಿರವಾಗಿದ್ದರೆ ಪಟ್ಟಿ ಕಿರಿದಾಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ರೀಪರ್ (ಮರದ ಪಟ್ಟಿ) ತುಂಡುಗಳಿಂದ ಮೊಳದಗಲದ ಚೌಕಟ್ಟು ಹೊಡೆಯಿರಿ. ತರಬೇಕೆಂದಿರುವ ಬಲೆಯ ತುಂಡನ್ನು ಅದಕ್ಕೆ ಬಿಗಿಯಿರಿ. ಕಣ್ಣು ಬಲೆಯಲ್ಲಿ ಎಷ್ಟು ಅರಳುತ್ತದೋ ಅಷ್ಟೇ ಇಲ್ಲೂ ಅರಳಿರಬೇಕು. ಕೆರೆಯಿಂದ ಬೇರೆ ಬೇರೆ ಗಾತ್ರದ ಸಿಗಡಿ ಹಿಡಿದು ಬಕೆಟ್‌ನಲ್ಲಿ ಇಟ್ಟುಕೊಳ್ಳಿ. ಒಂದೊಂದನ್ನೇ ಒದ್ದೆ ಕೈಯಲ್ಲಿ ಹಿಡಿದು ಕಣ್ಣಿಗೆ ಬಾಲದ ಕಡೆಯಿಂದ ಕೊಡಿ. ಬಾಲ, ಹೊಟ್ಟೆಯ ಮಡಿಕೆಗಳು ಸಲೀಸಾಗಿ ದಾಟುತ್ತವೆ. ನಿಲ್ಲುವುದು ತಲೆಚಿಪ್ಪಿನ ಹಿಂಭಾಗ ಬಂದಾಗ. ಅದು ಗಟ್ಟಿ, ಒತ್ತಿದರೂ ಕುಗ್ಗುವುದಿಲ್ಲ. ಸಿಗಡಿಯ ಮೈಯಲ್ಲಿ ಎಲ್ಲಕ್ಕಿಂತ ದಪ್ಪ ಜಾಗ ಅದೇ. ಬಲೆ ನಿಜವಾಗಿ ಅಳೆಯುವುದು ಸಿಗಡಿಯ ಉದ್ದವನ್ನಲ್ಲ, ಆ ಚಿಪ್ಪಿನ ದಪ್ಪವನ್ನು. ದಾಟಿದ್ದನ್ನು ಒಂದು ಕಡೆ, ನಿಂತದ್ದನ್ನು ಇನ್ನೊಂದು ಕಡೆ ಹಾಕಿ ತೂಗಿ. ನಿಂತವುಗಳಲ್ಲಿ ಚಿಕ್ಕದು ಎಷ್ಟು ಗ್ರಾಂ ಇದೆ ನೋಡಿ. ಆ ತೂಕದ ಸಿಗಡಿ ಮಾರುವುದಕ್ಕೆ ನಿಮಗೆ ಒಪ್ಪಿಗೆಯಾದರೆ ಆ ಬಲೆ ಸರಿ. ಇಲ್ಲವಾದರೆ ಮುಂದಿನ ಅಳತೆಗೆ ಹೋಗಿ.

ಬಲೆ ಹೊಲಿಸಿದ ಮೇಲೆ ಇನ್ನೂ ಒಳ್ಳೆಯ ಪರೀಕ್ಷೆ ಇದೆ. ಚೀಲದ ಹೊರಗೆ ಸಡಿಲವಾಗಿ ಸಣ್ಣ ಕಣ್ಣಿನ ಇನ್ನೊಂದು ಚೀಲ ಕಟ್ಟಿ ಒಮ್ಮೆ ಎಳೆಯಿರಿ. ಒಳ ಚೀಲದಿಂದ ತಪ್ಪಿಸಿಕೊಂಡವು ಹೊರ ಚೀಲದಲ್ಲಿ ಸಿಗುತ್ತವೆ. ಒಳಗಿನದು ಏನು, ಹೊರಗಿನದು ಏನು, ಕಣ್ಣೆದುರೇ ಗೊತ್ತಾಗುತ್ತದೆ. ಬಲೆಗಳ ಬಗ್ಗೆ ಸಂಶೋಧನೆ ಮಾಡುವವರೂ ಇದೇ ವಿಧಾನ ಬಳಸುತ್ತಾರೆ. ಆಮೇಲೆ ಹೊರ ಚೀಲ ಬಿಚ್ಚಿಡಿ, ಹೊರಗಿನವನ್ನು ಕೂಡಲೇ ಕೆರೆಗೆ ಬಿಡಿ.

ಬಲೆಗಳನ್ನು ಒಂದಕ್ಕೊಂದು ಹೋಲಿಸಿದರೆ

ಬೀಸುಬಲೆ ಒಬ್ಬರೇ ಹಾಕಬಹುದಾದದ್ದು, ಖರ್ಚು ಕಡಿಮೆ. ಆದರೆ ಮೇಲೆತ್ತುವಾಗ ಇಡೀ ಬಲೆ ಮುದುಡಿಕೊಳ್ಳುತ್ತದೆ, ಕಣ್ಣುಗಳು ಮುಚ್ಚುತ್ತವೆ. ಹಾಗಾಗಿ ದೊಡ್ಡದನ್ನು ಆರಿಸಿ ತೆಗೆಯುವುದಕ್ಕೆ ಇದನ್ನು ನೆಚ್ಚಬೇಡಿ. ಬೆಳವಣಿಗೆ ನೋಡುವುದಕ್ಕೆ ಮಾತ್ರ ಇದೇ ಸರಿ. ಆ ಕೆಲಸಕ್ಕೆ ಕಣ್ಣು ಚಿಕ್ಕದೇ ಇರಬೇಕು. ದೊಡ್ಡ ಕಣ್ಣಿನ ಬೀಸುಬಲೆಯಲ್ಲಿ ಮಾದರಿ ತೆಗೆದರೆ ಚಿಕ್ಕವು ಉದುರಿಹೋಗಿ ಬರೀ ದೊಡ್ಡವು ಕೈಗೆ ಬರುತ್ತವೆ. ಕೆರೆಯ ತುಂಬ ದೊಡ್ಡದೇ ಇದೆ ಎಂದು ನಂಬಿ ಮೇವು ಜಾಸ್ತಿ ಹಾಕುತ್ತೀರಿ, ವ್ಯಾಪಾರಿಯನ್ನೂ ಬೇಗ ಕರೆಸುತ್ತೀರಿ. ನೋಡುವ ಬಲೆ ಬೇರೆ, ಹಿಡಿಯುವ ಬಲೆ ಬೇರೆ. ಇದನ್ನು ಬೆರೆಸಬಾರದು.

ಎಳೆಬಲೆಯೇ ಆರಿಸಿ ತೆಗೆಯುವುದಕ್ಕೆ ಮುಖ್ಯ ಬಲೆ. 40ರಿಂದ 50 ಎಂಎಂ ಕಣ್ಣಿನಿಂದ ಶುರು ಮಾಡಿ, ಚೌಕಟ್ಟಿನ ಪರೀಕ್ಷೆ ನೋಡಿಕೊಂಡು ಹಿಂದೆ ಮುಂದೆ ಹೋಗಿ. ಹಗ್ಗಕ್ಕೆ ಕಟ್ಟುವಾಗ ಹಗ್ಗ ಉಳಿಸಬೇಡಿ. ಎಳೆದ ಬಲೆಯ ಉದ್ದದ ಅರ್ಧಕ್ಕಿಂತ ಕಡಿಮೆ ಹಗ್ಗಕ್ಕೆ ಕಟ್ಟಿದರೆ ಕಣ್ಣು ಉದ್ದಕ್ಕೆ ಸೀಳಾಗಿ ನಿಲ್ಲುತ್ತದೆ. 10 ಮೀಟರ್ ಎಳೆದ ಬಲೆಗೆ 6ರಿಂದ 7 ಮೀಟರ್ ಹಗ್ಗ ಕೊಟ್ಟರೆ ಕಣ್ಣು ಚೆನ್ನಾಗಿ ಅರಳುತ್ತದೆ. ಸಿಗಡಿ ತಳದಲ್ಲಿ ಇರುವ ಪ್ರಾಣಿ. ಕೆಳಹಗ್ಗದ ಸೀಸದ ಗುಂಡು ಕಡಿಮೆಯಾಗಿ ಹಗ್ಗ ತಳದಿಂದ ಎದ್ದರೆ ದೊಡ್ಡವು ಅದರಡಿ ನುಸುಳಿಹೋಗುತ್ತವೆ. ಆಮೇಲೆ ಕಣ್ಣಿನ ಅಳತೆ ಎಷ್ಟಿದ್ದರೂ ಪ್ರಯೋಜನವಿಲ್ಲ. ಗುಂಡು ಅತಿಯಾದರೆ ಕೆಸರು ಬಾಚುತ್ತದೆ, ಚೀಲ ಕಟ್ಟುತ್ತದೆ. ಎಳೆಯುವುದು ನಿಧಾನವಾಗಿರಲಿ. ಅವಸರದಲ್ಲಿ ಎಳೆದರೆ ಚಿಕ್ಕವು ಹೊರಗೆ ಹೋಗಲು ಸಮಯ ಸಿಗುವುದಿಲ್ಲ.

ಕೊಡಗಿನ ಕೆರೆಗಳಲ್ಲಿ ಇನ್ನೊಂದು ವಿಶೇಷ ಇದೆ: ಎಲೆ. ನೆರಳಿನ ಮರಗಳು ದಡದಲ್ಲೇ ಇರುತ್ತವೆ. ಸಿಲ್ವರ್ ಓಕಿನ ಎಲೆ ಸೀಳು ಸೀಳಾಗಿರುತ್ತದೆ, ಒದ್ದೆಯಾದರೆ ಬಲೆಯ ಕಣ್ಣಿಗೆ ಅಂಟಿಕೊಂಡು ಕೂರುತ್ತದೆ. ಅದರ ಬೂದುಬಣ್ಣದ ಕೆಳಮೈ ಮೇಲಾಗಿ ಚೀಲದ ಒಳಗೋಡೆಗೆ ಪದರ ಕಟ್ಟಿರುವುದನ್ನು ಬಲೆ ಮಗುಚಿದಾಗ ನೋಡಬಹುದು. ಅಂಥ ಚೀಲದಲ್ಲಿ 50 ಎಂಎಂ ಕಣ್ಣೂ ಬಟ್ಟೆಯಂತೆ ಎಲ್ಲವನ್ನೂ ಹಿಡಿಯುತ್ತದೆ. ಎಳೆಯುವ ಮುನ್ನ ದಡದ ಎಲೆಯನ್ನು ಗೋರಿ ತೆಗೆಸಿ. ಉದ್ದಕ್ಕೆ ಒಂದೇ ಸಲ ಎಳೆಯುವ ಬದಲು ಕೆರೆಯನ್ನು ಭಾಗ ಮಾಡಿ ಗಿಡ್ಡ ಗಿಡ್ಡ ಎಳೆತ ಹಾಕಿ. ಪ್ರತಿ ಎಳೆತಕ್ಕೂ ಚೀಲ ಜಾಲಾಡಿಸಿ.

ನೀರಿನಲ್ಲಿ ಗೋಡೆಯಂತೆ ಕಟ್ಟಿ, ಮೀನು ಕಿವಿರಿನಿಂದ ಸಿಕ್ಕಿಬೀಳುವ ಗಿಲ್‌ನೆಟ್ ಬಗ್ಗೆ ನನಗೆ ಒಲವಿಲ್ಲ. ರಾತ್ರಿ ಕಟ್ಟಿ ಬೆಳಗ್ಗೆ ತೆಗೆದರಾಯಿತು, ಸುಲಭ ನಿಜ. ಮೀನಿನ ವಿಷಯದಲ್ಲಿ ಕಣ್ಣಿನ ಅಳತೆಗೆ ತಕ್ಕ ಗಾತ್ರ ಚೆನ್ನಾಗಿ ಸಿಗುತ್ತದೆ. ಆದರೆ ಸಿಗಡಿ ಅದರಲ್ಲಿ ಸಿಗುವುದು ಕಿವಿರಿನಿಂದಲ್ಲ, ತೊಡರಿ. ಬಿಡಿಸುವಾಗ ಕಾಲು, ಕೊಂಡಿ ಮುರಿಯುತ್ತವೆ. ಬೆಳಗಾಗುವಷ್ಟರಲ್ಲಿ ಸತ್ತವು ಮೆತ್ತಗಾಗಿ ಬೆಲೆ ಕಳೆದುಕೊಳ್ಳುತ್ತವೆ. ಅದೇ ಬಲೆಗೆ ನಿಮ್ಮ ಕಾಟ್ಲಾ ಮರಿಗಳೂ ಬೀಳುತ್ತವೆ. ಹೊಳೆಯಂಚಿನ ತೋಟಗಳಲ್ಲಿ ನೀರುನಾಯಿ, ಆಮೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ತೆಳು ಪ್ಲಾಸ್ಟಿಕ್ ಎಳೆಯ ಬಲೆ ಹರಿದು ನೀರಲ್ಲೇ ಉಳಿದರೆ ಅದು ಕೊಳೆಯುವುದಿಲ್ಲ, ಹಿಡಿಯುತ್ತಲೇ ಇರುತ್ತದೆ.

ಬಿದಿರಿನ ಸೀಳುಗಳಿಂದ ಮಾಡಿದ ಬೋನಿನಂಥ ಕೂಳಿಯನ್ನು ಹಳೆಕಾಲದ್ದು ಎಂದು ಬದಿಗೆ ಸರಿಸಬೇಡಿ. ಗಾತ್ರ ವಿಂಗಡಿಸುವ ವಿಷಯದಲ್ಲಿ ಅದು ನಿಜಕ್ಕೂ ಒಳ್ಳೆಯ ಸಾಧನ. ಎರಡು ಸೀಳುಗಳ ನಡುವಿನ ಸಂದು ಎಳೆತಕ್ಕೆ ಸಿಗುವುದಿಲ್ಲ, ಭಾರಕ್ಕೆ ಮುಚ್ಚುವುದಿಲ್ಲ. ಸಂದು 15 ಎಂಎಂ ಇಟ್ಟರೆ ರಾತ್ರಿಯಿಡೀ 15 ಎಂಎಂ. ಚಿಕ್ಕದಕ್ಕೆ ಹೊರಹೋಗಲು ಬೇಕಾದಷ್ಟು ಸಮಯವೂ ಇದೆ. ಸಿಕ್ಕಿದ್ದು ಜೀವಂತವಾಗಿರುತ್ತದೆ, ನೋಡಿ ಬೇಡವಾದದ್ದನ್ನು ಬಿಡಬಹುದು. ಒಂದು ಕೂಳಿಯಲ್ಲಿ ಸಿಗುವುದು ಕಡಿಮೆ, ಅಷ್ಟೇ ಕೊರತೆ. ಮನೆಗೆ, ನೆಂಟರಿಗೆ, ಹತ್ತಿರದ ಹೋಂಸ್ಟೇಗೆ ಕೊಡುವಷ್ಟು ಸಿಗಡಿ ಬೇಕಿದ್ದರೆ ನಾನು ಬಲೆಗಿಂತ ಕೂಳಿಯನ್ನೇ ಆರಿಸುತ್ತೇನೆ. ಈಗ ಬರುವ ಮಡಚುವ ಪಂಜರ ಬಲೆಗಳು ನೋಡಲು ಅನುಕೂಲ, ಆದರೆ ಬಹಳಷ್ಟಕ್ಕೆ ಕಣ್ಣು ತೀರಾ ಸಣ್ಣ. ಮರಿಯೂ ಹೊರಬರಲಾರದು. ಕೊಂಡರೆ ಒಂದು ಪಕ್ಕದ ಬಲೆ ಕತ್ತರಿಸಿ ದೊಡ್ಡ ಕಣ್ಣಿನ ತುಂಡು ಹೊಲಿಯಿರಿ.

ಕೊನೆಗೆ ಕೆರೆ ಪೂರ್ತಿ ಬತ್ತಿಸಿ ಹಿಡಿಯುವ ದಿನ ಬರುತ್ತದೆ. ಆಗ ಏನನ್ನೂ ಉಳಿಸುವುದಿಲ್ಲವಲ್ಲ, 18ರಿಂದ 20 ಎಂಎಂ ಬಲೆ ಸಾಕು. ಅಂದು ಗಮನ ಇಡಬೇಕಾದದ್ದು ಮೋಟಾರಿನ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ತುದಿಯ ವಾಲ್ವ್) ಮೇಲೆ. ಅದರ ಸುತ್ತ ಸಣ್ಣ ಕಣ್ಣಿನ ಬಲೆಯ ದೊಡ್ಡ ಬುಟ್ಟಿ ಕಟ್ಟದಿದ್ದರೆ ಸಿಗಡಿ ಪೈಪಿನೊಳಗೆ ಸೇರುತ್ತದೆ. ಬುಟ್ಟಿ ವಾಲ್ವಿಗೆ ಅಂಟಿದಂತಿರಬಾರದು, ಸುತ್ತ ಜಾಗ ಬಿಟ್ಟು ಕಟ್ಟಿ. ಇಲ್ಲವಾದರೆ ಎಳೆತಕ್ಕೆ ಸಿಗಡಿ ಬಲೆಗೇ ಒತ್ತಿಕೊಂಡು ಸಾಯುತ್ತದೆ.

ಚಿಪ್ಪು ಕಳಚಿದ ಮೆತ್ತನೆಯ ಸಿಗಡಿ ಜಾಸ್ತಿ ಕಂಡ ದಿನ ಬಲೆ ಎಳೆಯಬೇಡಿ. ಗಂಟಿನ ಬಲೆಯಲ್ಲಿ ಅವು ಜಜ್ಜಿಹೋಗುತ್ತವೆ, ತಪ್ಪಿಸಿಕೊಂಡವನ್ನು ಉಳಿದವು ತಿಂದುಬಿಡುತ್ತವೆ. ನಮ್ಮ ಹುಳಿಮಣ್ಣಿನ ಕೆರೆಗಳಲ್ಲಿ ಸುಣ್ಣದ ಅಂಶ ಕಡಿಮೆಯಾದರೆ ಚಿಪ್ಪು ಗಟ್ಟಿಯಾಗುವುದೂ ತಡ.

ಹೊಳೆಯ ಲೆಕ್ಕ ಬೇರೆ

ಮೇಲೆ ಹೇಳಿದ್ದೆಲ್ಲ ನಿಮ್ಮ ಸ್ವಂತ ಕೆರೆಗೆ. ಕಾವೇರಿ, ಹಾರಂಗಿ, ಚಿಕ್ಲಿಹೊಳೆಯ ನೀರಿಗೆ ಈ ಬಲೆ ಹೊತ್ತುಕೊಂಡು ಹೋಗಬೇಡಿ. ಅಲ್ಲಿ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ, 1996 ಇದೆ, ಪರವಾನಗಿ ಬೇಕು. ಯಾವ ಬಲೆ, ಯಾವ ಜಾಗ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿಯೇ ಇಳಿಯಬೇಕು. ಹೊಳೆಯಲ್ಲಿ ಸಿಗುವ ಸ್ಥಳೀಯ ಸಿಗಡಿಗಳು ಚಿಕ್ಕವು. ಅವುಗಳಿಗೆಂದು ಸಣ್ಣ ಕಣ್ಣಿನ ಬಲೆ ಎಳೆದರೆ ಜೊತೆಗೆ ಬರುವುದು ಮೀನಿನ ಮರಿಗಳು. ಕಾವೇರಿ ಹೊಳೆಗಳಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್, ಟಾರ್ ರೆಮಾದೇವಿ, 2018ರಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಗೆ ಅಳಿವಿನ ತೀರಾ ಅಂಚಿನ ಜಾತಿಯಾಗಿ ಸೇರಿದೆ. ಅದರ ಒಂದು ಮರಿ ಬಲೆಯಲ್ಲಿ ಸಾಯುವುದಕ್ಕೆ ಯಾವ ಸಿಗಡಿ ಸಾರೂ ಸಮವಲ್ಲ.

ಸಮುದ್ರದವರು ಏನು ಮಾಡುತ್ತಿದ್ದಾರೆ

ಮಂಗಳೂರು, ಕಣ್ಣೂರು ಕಡೆಯಿಂದ ಘಟ್ಟ ಹತ್ತಿ ಬರುವ ಸಿಗಡಿಯ ಹಿಂದೆಯೂ ಇದೇ ಪ್ರಶ್ನೆ ಇದೆ. ದೋಣಿಯಿಂದ ಎಳೆಯುವ ಟ್ರಾಲ್ ಬಲೆಯ ತುದಿಚೀಲದಲ್ಲಿ ವಜ್ರದಾಕಾರದ ಕಣ್ಣು ಎಳೆತಕ್ಕೆ ಮುಚ್ಚಿಕೊಂಡು, ಬೇಡದ ಮರಿಮೀನು, ಮರಿಸಿಗಡಿ ರಾಶಿ ರಾಶಿ ಸೇರುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಬಹಳ ವರ್ಷಗಳಿಂದ ಚೌಕ ಕಣ್ಣಿನ ತುದಿಚೀಲದ ಪರವಾಗಿ ಕೆಲಸ ಮಾಡಿದೆ. ಕೇರಳದ ನಿಯಮಗಳಲ್ಲಿ ಮೀನಿನ ಟ್ರಾಲ್‌ಗೆ 35 ಎಂಎಂ, ಸಿಗಡಿ ಟ್ರಾಲ್‌ಗೆ 25 ಎಂಎಂ ಚೌಕ ಕಣ್ಣು ಎಂದು ಬಂದಿದೆ. ನಾರ್ವೆಯವರು ತಣ್ಣೀರಿನ ಸಿಗಡಿಗೆ 19 ಎಂಎಂ ಸಂದಿನ ಸರಳುಗಳ ಜಾಲರಿಯನ್ನೇ ಬಲೆಯೊಳಗೆ ಇಟ್ಟರು. ಸಿಗಡಿ ಸಂದಿನಲ್ಲಿ ಒಳಗೆ ಹೋಗುತ್ತದೆ, ಮೀನು ಸರಳಿನ ಮೇಲೆ ಜಾರಿ ಮೇಲಿನ ಕಿಂಡಿಯಿಂದ ಹೊರಗೆ ಹೋಗುತ್ತದೆ. ಸರಳಿನ ಸಂದು ಎಳೆತಕ್ಕೆ ಬದಲಾಗುವುದಿಲ್ಲ, ನಮ್ಮ ಕೂಳಿಯ ಬಿದಿರಿನಲ್ಲಿ ನಡೆಯುವ ಕೆಲಸವೇ ಅದು.

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ ಇರುತ್ತದೆ. ಆ ಎರಡು ತಿಂಗಳು ಸಂತೆಯಲ್ಲಿ ಕಾಣುವ ಒಂದೇ ಅಳತೆಯ ಸಿಗಡಿ ಬಹುಮಟ್ಟಿಗೆ ಸಾಕಿದ ವನ್ನಾಮಿ ಎಂಬ ಜಾತಿ. ಅದರ ಗಾತ್ರವನ್ನು ತೀರ್ಮಾನಿಸಿದ್ದು ಬಲೆಯ ಕಣ್ಣಲ್ಲ, ಕೊಳದಲ್ಲಿ ಇಟ್ಟ ದಿನಗಳು.

ಕೋಡಿಗೆ ಹಾಕುವ ಬಲೆ, ಕೊಳ್ಳುವಾಗಿನ ಮಾತು

ಮಳೆಗಾಲಕ್ಕೂ ಕೆರೆಯಲ್ಲಿ ಸಿಗಡಿ ಇಟ್ಟುಕೊಳ್ಳುವವರು ಕೋಡಿಗೆ ಬಲೆ ಕಟ್ಟಬೇಕು. ಜೂನ್ ಹಿಡಿದರೆ ನಮ್ಮಲ್ಲಿ ಕೋಡಿ ತಿಂಗಳುಗಟ್ಟಲೆ ಹರಿಯುತ್ತದೆ. ಸಣ್ಣ ಕಣ್ಣು ಹಾಕಿದರೆ ಮರಿ ಉಳಿಯುತ್ತದೆ, ಆದರೆ ಎಲೆ ಕಟ್ಟಿ ನೀರು ಏರಿಯ ಮೇಲೆ ಬರುವ ಭಯ. ದೊಡ್ಡ ಕಣ್ಣು ಹಾಕಿದರೆ ನೀರು ಸಲೀಸು, ಸಿಗಡಿಯೂ ಸಲೀಸು. ಇಲ್ಲಿ ಕಣ್ಣು ದೊಡ್ಡದು ಮಾಡುವುದರ ಬದಲು ಬಲೆಯ ವಿಸ್ತಾರ ಹೆಚ್ಚಿಸಿ. ಕೋಡಿಯ ಬಾಯಿಗೆ ನೇರ ಕಟ್ಟದೆ, ಕೆರೆಯೊಳಕ್ಕೆ ಚಾಚಿದಂತೆ ಅರ್ಧ ಸುತ್ತು ಗೂಟ ನೆಟ್ಟು ಕಟ್ಟಿ. ಮುಂದೆ ಒಂದು ಒರಟು ಬಿದಿರಿನ ತಟ್ಟಿ ಎಲೆಗೆ ಇರಲಿ. ಆದರೂ ದಿನಾ ಯಾರಾದರೂ ಹೋಗಿ ತೆಗೆಯಲೇಬೇಕು. ಆಗದು ಅನ್ನುವವರು ಮೇ ಕೊನೆಗೇ ಕೆರೆ ಖಾಲಿ ಮಾಡಿಬಿಡಿ. ಏರಿ ಒಡೆಯುವುದಕ್ಕಿಂತ ಅದು ಎಷ್ಟೋ ಮೇಲು.

ಬಲೆ ಮಾರುವುದು ಸಾಮಾನ್ಯವಾಗಿ ತೂಕದ ಮೇಲೆ. ಅದೇ ದಾರದಲ್ಲಿ ಕಣ್ಣು ಸಣ್ಣದಾದಷ್ಟೂ ತೂಕ ಜಾಸ್ತಿ, ದುಡ್ಡೂ ಜಾಸ್ತಿ. ದೊಡ್ಡ ಕಣ್ಣಿನ ಎಳೆಬಲೆ ಈ ಲೆಕ್ಕದಲ್ಲೂ ಅಗ್ಗ. ನೈಲಾನ್ ನೀರಿನಲ್ಲಿ ಮುಳುಗುತ್ತದೆ, ಮೆತ್ತಗಿರುತ್ತದೆ. ಎಳೆಬಲೆಗೆ ಅದು ಸರಿ. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನದು ತೇಲುತ್ತದೆ, ಬಿರುಸು, ಬಿಸಿಲು ತಡೆಯುವಂತೆ ಮಾಡಿದ್ದು ಸಿಕ್ಕರೆ ಕೋಡಿಗೆ ಅದನ್ನು ತನ್ನಿ. ಅಂಗಡಿಯಲ್ಲಿ ಹೀಗೆ ಹೇಳಿ: "ಅಣ್ಣ, ಎಳೆದ ಅಳತೆ 45 ಎಂಎಂ, ನೈಲಾನ್, ಗಂಟಿಲ್ಲದ್ದು ಇದ್ದರೆ ಮೊದಲು ಅದನ್ನೇ ತೋರಿಸಿ. ಚೀಲಕ್ಕೆ ಬೇರೆ ತುಂಡು ಬೇಕು, ಓರೆ ಕತ್ತರಿಸಿ ಹೊಲಿಯೋದಕ್ಕೆ." ಬಂದ ಬಲೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಎಳೆದು, ಮತ್ತೆ 10 ಕಣ್ಣು ಅಳೆದು ಬರೆದಿಡಿ. ಬಳಸುತ್ತಾ ಹೋದಂತೆ ಗಂಟು ಬಿಗಿದು ಅಳತೆ ಬದಲಾಗುತ್ತದೆ. ಬಲೆಯನ್ನು ಬಿಸಿಲಲ್ಲಿ ಬಿಡದೆ ನೆರಳಲ್ಲಿ ಒಣಗಿಸಿ, ಇಲಿ ತಾಕದ ಕಡೆ ತೂಗುಹಾಕಿ. ಮುಂದಿನ ಫೆಬ್ರವರಿಗೆ ಇಳಿಸಿದಾಗ ಮೊದಲು ಆ ಬರೆದಿಟ್ಟ ಅಳತೆಗೆ ಹೋಲಿಸಿ, ಹರಿದ ಕಣ್ಣುಗಳನ್ನು ಅದೇ ಅಳತೆಗೆ ಹೆಣೆಸಿ.